ಒಂದು ಪಾಸ್, ಎರಡು ಏರಿಕೆ: 20 ದಿನದ ಒಂಟಿ ನಡಿಗೆಯಲ್ಲಿ ಹೊರೆ ಒಡೆದು ಸಾಗಿಸಿದ ನನ್ನ ಅನುಭವ

ಹೊರೆಯನ್ನು ಎರಡು ಪಾಲು ಮಾಡಿ, ಒಂದೇ ಪಾಸನ್ನು (ಬೆಟ್ಟಸಾಲನ್ನು ದಾಟುವ ಎತ್ತರದ ದಾರಿ) ಎರಡು ದಿನ ಹತ್ತುತ್ತೇನೆ ಅಂದಾಗ ಟ್ರೆಕ್ಕಿಂಗ್ ಮಾಡುವ ಗೆಳೆಯರೆಲ್ಲ ಮೂಗು ಮುರಿದಿದ್ದರು. ಒಂದೇ ದಾರಿಯನ್ನು ಮೂರು ಸಲ ನಡೆಯುವ ಬದಲು ಸಾಮಾನು ಕಡಿಮೆ ಮಾಡು, ಇಲ್ಲವೇ ನಡುವೆ ಯಾರಿಂದಲಾದರೂ ಊಟದ ಸಾಮಾನು ತರಿಸಿಕೋ ಅಂದವರೇ ಜಾಸ್ತಿ. ಕೊನೆಗೆ 210 ಕಿ.ಮೀ. ಆಸುಪಾಸಿನ ದಾರಿಯನ್ನು 19 ದಿನಗಳಲ್ಲಿ ಮುಗಿಸಿದೆ. ಒಟ್ಟು ಐದು ಪಾಸ್, ಅದರಲ್ಲಿ ಮೂರು 5,000 ಮೀಟರ್‌ಗಿಂತ ಮೇಲೆ. ಮಧ್ಯೆ ಎಲ್ಲೂ ಯಾರಿಂದಲೂ ಏನೂ ತರಿಸಲಿಲ್ಲ, ಮುಗಿಯುವಾಗ ಒಂದು ದಿನದ ಊಟ ಚೀಲದಲ್ಲಿ ಉಳಿದಿತ್ತು. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ದಿನಕ್ಕೆ 720 ಗ್ರಾಂ ಒಣ ಆಹಾರ, ಸುಮಾರು 3,450 ಕ್ಯಾಲೊರಿ. 20 ದಿನಕ್ಕೆ 14.4 ಕೆ.ಜಿ. ಆಯಿತು. ಊಟ, ಗ್ಯಾಸ್, ನೀರು ಬಿಟ್ಟು ಉಳಿದ ಸಾಮಾನೆಲ್ಲ ಸೇರಿ 7.4 ಕೆ.ಜಿ. ಗ್ಯಾಸ್ ಡಬ್ಬಿ ಎರಡು, ನೀರು ಒಂದು ಲೀಟರ್ ಸೇರಿದರೆ ಮೊದಲ ದಿನ ಬೆನ್ನ ಮೇಲೆ 23.5 ಕೆ.ಜಿ. ಕಣಿವೆಯಲ್ಲಿ ನಾಲ್ಕು ದಿನ ಇದನ್ನು ಹೊರಬಹುದು. ತೊಂದರೆ ಶುರುವಾಗುವುದು ಐದನೇ ದಿನ, ಮೊದಲ ದೊಡ್ಡ ಪಾಸಿನ ಬುಡದಲ್ಲಿ. ಆಗಲೂ ಚೀಲ 20 ಕೆ.ಜಿ. ಮೇಲೇ ಇರುತ್ತದೆ. 5,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅಲ್ಲಿ 20 ಕೆ.ಜಿ. ಹೊತ್ತರೆ ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಪಾಸಿನ ನೆತ್ತಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ದಾಟಿ ಮೋಡ ಕವಿದಿರುತ್ತದೆ. ಹಿಂದಿನ ಎರಡು ಪ್ರಯತ್ನ ಕೆಟ್ಟದ್ದೂ ಇಲ್ಲೇ.

ಸಾಗಣೆ ನಡೆಯುವುದು ಹೀಗೆ. ಪಾಸ್ 5,200 ಮೀಟರ್, ಬುಡದ ಕ್ಯಾಂಪ್ 4,300 ಅಂತ ಇಟ್ಟುಕೊಳ್ಳಿ. ಟೆಂಟ್ ಅಲ್ಲೇ ನಿಂತಿರುತ್ತದೆ. ಮೊದಲ ದಿನ ಬೆಳಗಿನ ಜಾವ 8 ಕೆ.ಜಿ. ಊಟವನ್ನೂ 3 ಕೆ.ಜಿ. ತುರ್ತು ಸಾಮಾನನ್ನೂ ಹೊತ್ತು 5,000 ಮೀಟರ್‌ವರೆಗೆ ಏರಿ, ಊಟವನ್ನು ಕಲ್ಲಿನ ಕೆಳಗೆ ಇಟ್ಟು, ಇಳಿದು ಟೆಂಟಿನಲ್ಲೇ ಮಲಗುತ್ತೇನೆ. ಮರುದಿನ ಉಳಿದ 12 ಕೆ.ಜಿ. ಹೊತ್ತು ಅದೇ ದಾರಿ ಹಿಡಿಯುತ್ತೇನೆ. ಕೊನೆಯ 200 ಮೀಟರ್‌ಗೆ ಮಾತ್ರ ಮತ್ತೆ ಎರಡು ಸಲ ಓಡಾಟ: ಒಂದು ಹೊರೆಯನ್ನು ನೆತ್ತಿಗೆ ಮುಟ್ಟಿಸಿ, ಬರಿಗೈಯಲ್ಲಿ ಇಳಿದು, ಇನ್ನೊಂದನ್ನು ತರಬೇಕು. ಅಲ್ಲಿಂದಾಚೆ ಇಳಿಜಾರಿನಲ್ಲಿ ಪೂರ್ತಿ ಹೊರೆ ಒಟ್ಟಿಗೆ.

ಸಮಯಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹೇಳಿದ ಸೂತ್ರವನ್ನೇ ಹಿಡಿಯುತ್ತೇನೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 4,500 ಮೀಟರ್ ದಾಟಿದ ಮೇಲೆ ಬಂದ ಉತ್ತರವನ್ನು ಎರಡರಿಂದ ಗುಣಿಸಿ. 5.5 ಕಿ.ಮೀ. ದೂರ, 700 ಮೀಟರ್ ಏರಿಕೆಗೆ ಸೂತ್ರದ ಪ್ರಕಾರ ಎರಡೂಕಾಲು ಗಂಟೆ. ನನಗೆ ಹಿಡಿದದ್ದು ಹೆಚ್ಚುಕಡಿಮೆ ನಾಲ್ಕೂವರೆ, ಇಳಿಯಲು ಒಂದೂಮುಕ್ಕಾಲು.

ದಿನ ವ್ಯರ್ಥವಾಗುತ್ತದೆ ಎನ್ನುವವರು ಒಂದು ವಿಷಯ ಮರೆಯುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಅಂದಮೇಲೆ ಆ ದಿನ ಹೇಗೂ ಲೆಕ್ಕದಲ್ಲಿ ಇದ್ದೇ ಇದೆ. ಟೆಂಟಿನಲ್ಲಿ ಬಿದ್ದುಕೊಳ್ಳುವ ಬದಲು ಅದೇ ದಿನ ಎತ್ತರಕ್ಕೆ ಹೋಗಿ ತಗ್ಗಿನಲ್ಲಿ ಮಲಗಿದರೆ ದೇಹ ಹೊಂದಿಕೊಳ್ಳುತ್ತದೆ, ಅರ್ಧ ಸಾಮಾನೂ ಮೇಲೆ ಸೇರುತ್ತದೆ. ಇನ್ನೂ ದೊಡ್ಡ ಲಾಭ ದಾರಿ ನೋಡಿಕೊಂಡು ಬರುವುದು. ಹಿಮ ಎಲ್ಲಿ ಗಟ್ಟಿ, ಎಲ್ಲಿ ಸೊಂಟದವರೆಗೆ ಕುಸಿಯುತ್ತದೆ, ನೆತ್ತಿಯ ಅಂಚಿನಲ್ಲಿ ಹಿಮ ಯಾವ ಕಡೆಗೆ ಚಾಚಿ ನಿಂತಿದೆ, ತೊರೆ ದಾಟಲು ಎಲ್ಲಿ ಅನುಕೂಲ ಎಂಬುದೆಲ್ಲ ಒಂದು ದಿನ ಮುಂಚೆಯೇ ಕಣ್ಣಿಗೆ ಬಿದ್ದಿರುತ್ತದೆ. ಒಬ್ಬರೇ ಹೋಗುವಾಗ ಇದಕ್ಕಿಂತ ದೊಡ್ಡ ವಿಮೆ ಇಲ್ಲ.

ಎಲ್ಲ ಪಾಸಿಗೂ ಇದು ಬೇಕಿಲ್ಲ. ಚೀಲ 16 ಕೆ.ಜಿ.ಗಿಂತ ಇಳಿದ ಮೇಲೆ ಒಂದೇ ಸಲಕ್ಕೆ ದಾಟಬಹುದು. ನನಗೆ ಎರಡು ಪಾಸಿಗೆ ಮಾತ್ರ ಎರಡು ಏರಿಕೆ ಬೇಕಾಯಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಚೀಲ ಹದಿನೈದರ ಹತ್ತಿರ ಇತ್ತು.

ಇನ್ನು ಕೆಟ್ಟದ್ದರ ಕಡೆಗೆ. ಮೊದಲ ಪ್ರಯತ್ನದಲ್ಲಿ ಊಟವನ್ನು ಬರೀ ನೀರು ಹೋಗದ ಚೀಲದಲ್ಲಿ ಕಟ್ಟಿ, ಮೇಲೆ ಕಲ್ಲು ಪೇರಿಸಿ ಬಂದಿದ್ದೆ. ಮರುದಿನ ಹೋದರೆ ಚೀಲದ ಒಂದು ಮೂಲೆ ಹರಿದು, ಒಂದೂವರೆ ದಿನದ ಊಟ ಮಾಯ. ನೆಲಗಡಲೆ, ಬಾದಾಮಿಯನ್ನೇ ಆರಿಸಿ ತಿಂದಿದ್ದವು. ಕಲ್ಲಿನ ಸಂದಿನಿಂದ ಕೊಕ್ಕು ತೂರಿಸುವ ಕಾಗೆ ಜಾತಿಯ ಹಕ್ಕಿಗಳಿಗೆ, ಬಿಲದಲ್ಲಿರುವ ಮಾರ್ಮಟ್‌ಗಳಿಗೆ (ಅಳಿಲಿನ ಜಾತಿಯ ದೊಡ್ಡ ಪ್ರಾಣಿ) ಬಟ್ಟೆಯ ಚೀಲ ಲೆಕ್ಕಕ್ಕೇ ಇಲ್ಲ. ಈಗ ಅಗಲ ಬಾಯಿಯ, ತಿರುಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಎರಡು, ಒಂದೊಂದು 6-7 ಲೀಟರ್, ಎರಡೂ ಸೇರಿ 700 ಗ್ರಾಂ. ಈ 700 ಗ್ರಾಂ ಮೇಲೆ ಹೇಳಿದ 7.4ರಲ್ಲೇ ಸೇರಿದೆ. ಕರಡಿ ಓಡಾಡುವ ಜಾಗಕ್ಕೆ ಇದು ಸಾಲದು. ಕರಡಿಗೆಂದೇ ಮಾಡಿದ ಗಟ್ಟಿ ಡಬ್ಬಿಯೇ ಬೇಕು, ಅದರ ತೂಕ ಒಂದು ಕೆ.ಜಿ. ಆಸುಪಾಸು.

ಡಬ್ಬಿ ಇಡುವ ಜಾಗದಲ್ಲೂ ಎಡವಿದ್ದೇನೆ. ಎರಡನೇ ಪ್ರಯತ್ನದಲ್ಲಿ, ಮರುದಿನದ ಕೆಲಸ ಕಡಿಮೆಯಾಗಲಿ ಅಂತ ನೆತ್ತಿ ದಾಟಿಸಿ ಆಚೆ ಬದಿಯಲ್ಲಿಟ್ಟೆ. ರಾತ್ರಿ ಹಿಮ ಶುರುವಾಗಿ ಎರಡು ದಿನ ಬಿಡಲಿಲ್ಲ. ನಾನು ಈಚೆ, ಊಟ ಆಚೆ. ಅಂದಿನಿಂದ ಎರಡು ಕಟ್ಟುಪಾಡು ಮಾಡಿಕೊಂಡೆ. ಡಬ್ಬಿ ಯಾವತ್ತೂ ಏರುವ ಬದಿಯಲ್ಲೇ, ನೆತ್ತಿಯಿಂದ 150-200 ಮೀಟರ್ ಕೆಳಗೆ, ಹಿಮ ಜಾರುವ ಓಣಿಯಿಂದ ದೂರ, ಬಂಡೆಯ ಗಾಳಿ ಬೀಸದ ಮಗ್ಗುಲಲ್ಲಿ. ಕೆಳಗಿನ ಟೆಂಟಿನಲ್ಲಿ ನಾಲ್ಕು ದಿನದ ಊಟ, ಒಲೆ, ಗ್ಯಾಸ್ ಇರಲೇಬೇಕು.

ಮಂಜು ಕವಿದಾಗ ಡಬ್ಬಿ ಹುಡುಕುವುದು ಇನ್ನೊಂದು ತಲೆನೋವು. ಎತ್ತರದ ಬಂಡೆಗೋಡೆಯ ಪಕ್ಕದಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುವುದು ಸಾಮಾನ್ಯ, ಕಲ್ಲುರಾಶಿಯಲ್ಲಿ ಅಷ್ಟು ತಪ್ಪಿದರೆ ಗಂಟೆಗಟ್ಟಲೆ ಹುಡುಕಾಟ. ಜಿಪಿಎಸ್ ಗುರುತಿನ ಜೊತೆ ದಿಕ್ಸೂಚಿಯಿಂದ ಎರಡು ಶಿಖರಗಳ ಕೋನ ಬರೆದುಕೊಳ್ಳುತ್ತೇನೆ. ಹತ್ತಿ ಬರುವಾಗ ಕಾಣುವ ಹಾಗೆ ಕೆಳಗಿನಿಂದ ಒಂದು ಫೋಟೊ, ಡಬ್ಬಿಯ ಪಕ್ಕ ನಿಂತು ಕೆಳಮುಖವಾಗಿ ಇನ್ನೊಂದು. ಕೊನೆಯ ಮೂವತ್ತು ಮೀಟರ್‌ಗೆ ನಾನು ಹಾಕುವ ಗುರುತು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾದರೆ ಡಬ್ಬಿ ಎಲ್ಲಿದೆ ಅಂತಲೂ ಎಲ್ಲರಿಗೂ ಗೊತ್ತಾದಂತೆ.

ತುರ್ತು ಸಾಮಾನಿನ 3 ಕೆ.ಜಿ.ಯಲ್ಲಿ ಚೌಕಾಸಿ ಮಾಡಬೇಡಿ. ಟೆಂಟ್ ಕೆಳಗಿದ್ದಾಗ ಮೇಲೆ ಸಿಕ್ಕಿಬಿದ್ದರೆ ರಾತ್ರಿ ಕಳೆಯಲು ಬೇಕಾದ್ದು ಅದರಲ್ಲಿರಬೇಕು: ಡೌನ್ (ಪುಕ್ಕ ತುಂಬಿದ) ಜಾಕೆಟ್, ಮಳೆಯಂಗಿ, ಬೈವಿ ಚೀಲ (ಟೆಂಟಿಲ್ಲದೆ ಮಲಗಲು ಮೈಮುಚ್ಚುವ ಚೀಲ), ಕೂರಲು ಫೋಮ್ ತುಂಡು, ಹೆಡ್‌ಲ್ಯಾಂಪ್, ನೀರು, ಔಷಧಿ, ಹೆಚ್ಚುವರಿ ಕೈಗವಸು. ಕೈಗವಸು ಒಂದು ಜೊತೆ ಗಾಳಿಗೆ ಹಾರಿಹೋದರೆ ಮುಂದೆ ಟೆಂಟಿನ ಹಗ್ಗ ಕಟ್ಟುವುದಕ್ಕೂ ಬೆರಳು ಬಗ್ಗುವುದಿಲ್ಲ.

ಎರಡೂ ದಿನ ಕ್ಯಾಂಪ್ ಬಿಡುವುದು 3 ಗಂಟೆಗೆ. ರಾತ್ರಿ ಹೆಪ್ಪುಗಟ್ಟಿದ ಹಿಮದ ಮೇಲ್ಪದರ ಹತ್ತರ ನಂತರ ಮೆತ್ತಗಾಗುತ್ತದೆ, ಅಲ್ಲಿಂದ ಪ್ರತಿ ಹೆಜ್ಜೆಗೂ ಕಾಲು ಹೂತು ಸಮಯ ಎರಡು ಪಟ್ಟಾಗುತ್ತದೆ. ಹಿಮನದಿಯಿಂದ ಬರುವ ತೊರೆಗಳು ನಸುಕಿನಲ್ಲಿ ಮೊಣಕಾಲಿನ ಮಟ್ಟ ಇದ್ದರೆ ಸಂಜೆ ಹೊತ್ತಿಗೆ ತೊಡೆ ಮುಟ್ಟುತ್ತವೆ. ಅಂಥ ತೊರೆ ದಾರಿಯಲ್ಲಿದ್ದರೆ ಅದರ ಆಚೆ ದಡದಲ್ಲೇ ಕ್ಯಾಂಪ್ ಹಾಕಿ. ಇಲ್ಲದಿದ್ದರೆ ಸಾಗಣೆ ಮುಗಿಸಿ ಇಳಿದು ಬಂದಾಗ ಟೆಂಟ್ ಕಣ್ಣೆದುರೇ ಇದ್ದರೂ ತಲುಪಲು ಆಗುವುದಿಲ್ಲ.

ದುಡ್ಡಿನ ವಿಷಯದಲ್ಲಿ ಚೆನ್ನಾಗಿಯೇ ಕೈ ಸುಟ್ಟುಕೊಂಡೆ. ಹಗುರವೇ ಎಲ್ಲ ಎಂದು ನಂಬಿ 850 ಗ್ರಾಂನ, ಚೌಕಟ್ಟಿಲ್ಲದ ಬ್ಯಾಗ್ ಕೊಂಡಿದ್ದೆ. 12 ಕೆ.ಜಿ.ವರೆಗೆ ಹಿತವಾಗಿತ್ತು. 20 ತುಂಬಿದಾಗ ಬೆನ್ನಿನ ಭಾಗ ಕುಸಿದು, ಸೊಂಟದ ಪಟ್ಟಿಗೆ ಹೋಗಬೇಕಾದ ಭಾರವೆಲ್ಲ ಭುಜಕ್ಕೆ ಬಂದು, ಎರಡು ಗಂಟೆಯಲ್ಲಿ ಬೆರಳು ಜೋಮು ಹಿಡಿಯಿತು. ಒಟ್ಟು ಖರ್ಚಿನ ಹತ್ತನೇ ಒಂದು ಪಾಲು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆಮೇಲೆ ಕೊಂಡದ್ದು 1.7 ಕೆ.ಜಿ.ಯ, ಅಲ್ಯೂಮಿನಿಯಂ ಪಟ್ಟಿಯ ಬ್ಯಾಗ್. ಖರ್ಚಿನ ಅರ್ಧದಷ್ಟು ಹೋಗಿದ್ದು ಸ್ಲೀಪಿಂಗ್ ಬ್ಯಾಗ್ ಮತ್ತು ಟೆಂಟಿಗೆ. ಅಲ್ಲಿ ಕೈ ಹಿಡಿಯಬಾರದು. ಮ್ಯಾಟಿನಲ್ಲಿ ಮಾತ್ರ ಉಳಿಸಬಹುದು. ದುಬಾರಿ ಗಾಳಿಮ್ಯಾಟ್ ಒಂದರ ಬದಲು ಸಾಧಾರಣ ಗಾಳಿಮ್ಯಾಟಿನ ಕೆಳಗೆ ತೆಳು ಫೋಮ್ ಹಾಸಿ. ಆರ್-ಮೌಲ್ಯ (ಮ್ಯಾಟ್ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಕೂಡುತ್ತಾ ಹೋಗುತ್ತದೆ, 3ಕ್ಕೆ 2 ಸೇರಿದರೆ 5. ಗಾಳಿಮ್ಯಾಟ್ ತೂತಾದರೂ ಫೋಮ್ ಇರುತ್ತದೆ. ಸಾಗಣೆಗೆ ಅಂತ ತಗಲಿದ ಹೆಚ್ಚುವರಿ ಖರ್ಚು ಅಂದರೆ ಎರಡು ಡಬ್ಬಿ, ಎರಡು ದಿನದ ಊಟ ಅಷ್ಟೇ. ಹೊರೆಯಾಳು ಇಟ್ಟುಕೊಂಡಿದ್ದರೆ ಅವರು ಹಿಂದಿರುಗುವ ದಿನಗಳ ಕೂಲಿಯನ್ನೂ ಕೊಡಬೇಕಿತ್ತು.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿ ನೋಡಿದೆ. ಒಲೆಯೇ ಬೇಡ, ಎಲ್ಲ ತಣ್ಣೀರಲ್ಲಿ ನೆನೆಸಿ ತಿನ್ನೋಣ ಅಂತ ನಾಲ್ಕು ದಿನ ಪ್ರಯತ್ನಿಸಿದೆ. ಕಣಿವೆಯಲ್ಲಿ ಪರವಾಗಿಲ್ಲ. 4,000 ಮೀಟರ್ ಮೇಲೆ ರಾತ್ರಿ ತಣ್ಣನೆಯ ಊಟ ಒಳಗೆ ಹೋದರೆ ಸ್ಲೀಪಿಂಗ್ ಬ್ಯಾಗ್ ಬೆಚ್ಚಗಾಗಲು ಒಂದು ಗಂಟೆ ಬೇಕು. ಬಿಟ್ಟುಬಿಟ್ಟೆ. ಬದಲಿಗೆ ಪಾತ್ರೆಗೆ ಫೋಮ್ ಹೊದಿಕೆ ಹೊಲಿದುಕೊಂಡೆ. 5,000 ಮೀಟರ್‌ನಲ್ಲಿ ನೀರು 83 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಹಸಿ ಕಾಳು ಎಷ್ಟು ಕುದಿಸಿದರೂ ಬೇಯುವುದಿಲ್ಲ. ಮೊದಲೇ ಬೇಯಿಸಿ ಒಣಗಿಸಿದ್ದನ್ನು ಒಂದು ಕುದಿ ಬರಿಸಿ, ಹೊದಿಕೆಯಲ್ಲಿ 20 ನಿಮಿಷ ಇಟ್ಟರೆ ಸಾಕು. ದಿನಕ್ಕೆ 20 ಗ್ರಾಂ ಗ್ಯಾಸ್‌ನಲ್ಲಿ ಮುಗಿಯಿತು. ಹಿಮ ಕರಗಿಸಿ ನೀರು ಮಾಡಿಕೊಂಡರೆ ಇದರ ಎರಡರಷ್ಟು. ಬರೀ ಬ್ಯೂಟೇನ್ ಇರುವ ಡಬ್ಬಿ ಚಳಿಯ ಬೆಳಗಿಗೆ ಆಗದು, ಐಸೊಬ್ಯೂಟೇನ್-ಪ್ರೊಪೇನ್ ಮಿಶ್ರಣವೇ ಬೇಕು. ಅದೂ ಸೋತರೆ ಡಬ್ಬಿಯ ತಳವನ್ನು ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಅದರಲ್ಲಿ ನಿಲ್ಲಿಸಿ, ಜ್ವಾಲೆ ಚೇತರಿಸಿಕೊಳ್ಳುತ್ತದೆ. ನೀರಿನ ಫಿಲ್ಟರ್ ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೇ ಇರಲಿ. ಒದ್ದೆಯಾದ ಫಿಲ್ಟರ್ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಸೀಳುತ್ತವೆ, ಹೊರಗಿನಿಂದ ಏನೂ ಕಾಣುವುದಿಲ್ಲ.

ಒಬ್ಬರೇ ಇದ್ದಾಗ ನಮ್ಮ ತಲೆ ಕೆಟ್ಟಿದೆ ಅಂತ ಹೇಳುವವರು ಪಕ್ಕದಲ್ಲಿ ಇರುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಎತ್ತರದ ಕಾಯಿಲೆಯನ್ನು ಅಳೆಯುವ ಲೇಕ್ ಲೂಯಿಸ್ ಅಂಕ ಬರೆದುಕೊಳ್ಳುತ್ತೇನೆ: ತಲೆನೋವು, ಹೊಟ್ಟೆ ತೊಳಸುವುದು, ಆಯಾಸ, ತಲೆಸುತ್ತು, ಒಂದೊಂದಕ್ಕೂ 0ಯಿಂದ 3. ತಲೆನೋವೂ ಇದ್ದು ಮೊತ್ತ 3 ಮುಟ್ಟಿದರೆ ಆ ದಿನ ಏರುವ ಮಾತೇ ಇಲ್ಲ. ಜೊತೆಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗುವುದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ಹತ್ತು ಹೆಜ್ಜೆ ನೇರ ನಡೆಯುವುದು. ಹೆಜ್ಜೆ ತಪ್ಪಿದರೆ ಮೇಲಿಟ್ಟ ಊಟವನ್ನು ಮರೆತು ತಕ್ಷಣ ಇಳಿಯಬೇಕು, ಕತ್ತಲಾಗಿದ್ದರೂ ಸರಿ. ಕೆಳಗೆ ನಾಲ್ಕು ದಿನದ ಊಟ ಉಳಿಸಿಕೊಳ್ಳುವುದು ಇದಕ್ಕಾಗಿಯೂ ಹೌದು.

ಪಾಸ್ ದಾಟಿದ ಮೇಲೆ ಪೂರ್ತಿ 20 ಕೆ.ಜಿ. ಹೊತ್ತು ಇಳಿಯುವಾಗ ಕೋಲುಗಳನ್ನು ಏರುವಾಗಿಗಿಂತ ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿ. ಡಬ್ಬಿಗಳನ್ನು ಬ್ಯಾಗಿನ ನಡುಮಟ್ಟದಲ್ಲಿ, ಬೆನ್ನಿಗೆ ಒತ್ತಿಕೊಂಡಿರುವಂತೆ ಇಡಿ. ಮೇಲೆ ಇಟ್ಟರೆ ಸಡಿಲ ಕಲ್ಲಿನ ಇಳಿಜಾರಿನಲ್ಲಿ ಕಾಲು ಜಾರಿದಾಗ ಚೀಲವೇ ಮುಂದಕ್ಕೆ ತಳ್ಳುತ್ತದೆ. ಮೊದಲ 300 ಮೀಟರ್ ಇಳಿದ ಮೇಲೆ ನಿಂತು ಲೇಸ್ ಇನ್ನೊಮ್ಮೆ ಬಿಗಿಮಾಡಿ.