ಕಾರಿನ ಹಿಂಬದಿಯ ಶಾಕ್ ಅಬ್ಸಾರ್ಬರ್ ಬದಲಾಯಿಸುವ ಬಗೆ

ಹಂಪು ದಾಟಿದ ಮೇಲೂ ಕಾರು ಎರಡು ಮೂರು ಸಲ ತೂಗಾಡುತ್ತಿದ್ದರೆ ಸಾಮಾನ್ಯವಾಗಿ ನಾವು ಸ್ಪ್ರಿಂಗನ್ನು ದೂರುತ್ತೇವೆ. ಕಾರಿನ ಭಾರ ಹೊರುವುದು ಸ್ಪ್ರಿಂಗೇ ಆದರೂ, ಒಮ್ಮೆ ಕುಗ್ಗಿದ ಸ್ಪ್ರಿಂಗು ಪುಟಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಅದರ ಕೊಳವೆಯೊಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನುಗ್ಗಿಸುವಾಗ ಪುಟಿತದ ಶಕ್ತಿ ಶಾಖವಾಗಿ ಬದಲಾಗಿ ಹೊರಹೋಗುತ್ತದೆ. ಎಣ್ಣೆ ಸೋರಿದರೆ ಅಥವಾ ಒಳಗಿನ ವಾಲ್ವ್ ಸವೆದರೆ ಈ ತಡೆ ಇಲ್ಲವಾಗುತ್ತದೆ. ಇದು ಕುಳಿತವರ ಸುಖಕ್ಕಷ್ಟೇ ಸಂಬಂಧಿಸಿದ ವಿಷಯವೆಂದು ಮುಂದೂಡುವುದು ಸರಿಯಲ್ಲ. ಪುಟಿಯುವ ಚಕ್ರ ಕ್ಷಣಕಾಲವಾದರೂ ರಸ್ತೆಯ ಹಿಡಿತವನ್ನು ಬಿಡುವುದರಿಂದ, ಮಳೆಗಾಲದ ಘಾಟಿಯ ತಿರುವಿನಲ್ಲಿ ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಅದು ಪೂರ್ತಿ ನೆರವಿಗೆ ಬಾರದು.

ಕೈಹಾಕುವ ಮೊದಲು ದೋಷ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕಾರಿನ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಮೇಲೆದ್ದು ಕೂಡಲೇ ನೆಲೆಗೊಳ್ಳಬೇಕು. ಈ ಪರೀಕ್ಷೆ ಪೂರ್ತಿ ಕೆಟ್ಟಿರುವುದನ್ನು ಮಾತ್ರ ತೋರಿಸುತ್ತದೆ, ಅರ್ಧ ಸವೆದಿರುವುದನ್ನಲ್ಲ. ಆದ್ದರಿಂದ ಕೊಳವೆಯ ಮೇಲೆ ಧೂಳು ಮೆತ್ತಿದ ಎಣ್ಣೆಯ ಜಿಡ್ಡು ಇಳಿದಿದೆಯೇ, ಟೈರಿನ ಮೇಲ್ಮೈ ಅಲ್ಲಲ್ಲಿ ಬಟ್ಟಲಿನಂತೆ ತಗ್ಗಾಗಿ ಸವೆದಿದೆಯೇ ಎಂಬುದನ್ನೂ ನೋಡಿ. ಕಟಕಟ ಸದ್ದು ಮಾತ್ರ ಬರುತ್ತಿದ್ದರೆ ಶಾಕ್‌ನ ಬದಲು ಅದರ ತುದಿಯಲ್ಲಿ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಹೋಗಿರುವ ಸಾಧ್ಯತೆಯೂ ಇದೆ.

ಇಲ್ಲಿ ವಿವರಿಸುತ್ತಿರುವುದು ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ, ಹಿಂಬದಿಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಬೇರೆಬೇರೆಯಾಗಿರುವ ಸಣ್ಣ ಕಾರುಗಳ ಕ್ರಮ. ಶಾಕ್‌ನ ಸುತ್ತಲೇ ಸ್ಪ್ರಿಂಗ್ ಇದ್ದರೆ ಇದನ್ನು ಮನೆಯಲ್ಲಿ ಮಾಡಬೇಡಿ. ಮುಂಬದಿಯ ಸ್ಟ್ರಟ್‌ಗಳೂ ಇದೇ ಬಗೆಯವು. ಅಲ್ಲಿ ಅದುಮಿಟ್ಟ ಸ್ಪ್ರಿಂಗು ಸಿಡಿದರೆ ಪ್ರಾಣಕ್ಕೇ ಅಪಾಯ. ಆ ಕೆಲಸ ಸ್ಪ್ರಿಂಗ್ ಅದುಮಿ ಹಿಡಿಯುವ ಸರಿಯಾದ ಕಂಪ್ರೆಸರ್ ಇರುವ ಗ್ಯಾರೇಜಿಗೇ ಸೇರಿದ್ದು, ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಕೂಡ ಬೇಕಾಗುತ್ತದೆ.

ಶಾಕ್‌ಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಯಿಸಬೇಕು, ಏಕೆಂದರೆ ಒಂದು ಬದಿ ಬಿಗಿ, ಇನ್ನೊಂದು ಬದಿ ಸಡಿಲವಾದರೆ ಕಾರು ಎರಡೂ ಕಡೆ ಒಂದೇ ರೀತಿ ವರ್ತಿಸದು. ಜೊತೆಗೆ ಹೊಸ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗಿದಾಗ ಬಡಿತ ತಡೆಯುವ ಮೆತ್ತನೆಯ ತುಂಡು), ಧೂಳು ತಡೆಯುವ ಕವಚ, ಹೊಸ ನಟ್‌ಗಳನ್ನೂ ತಂದಿಟ್ಟುಕೊಳ್ಳಿ. ಜಾಕ್ ಎರಡು, ಎತ್ತಿದ ಕಾರನ್ನು ಹೊರುವ ಆಕ್ಸಲ್ ಸ್ಟ್ಯಾಂಡ್ ಎರಡು, ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ನಿಗದಿತ ಬಿಗಿತಕ್ಕೆ (ಟಾರ್ಕ್) ಬಿಗಿಯಲು ಟಾರ್ಕ್ ರೆಂಚ್, ತಂತಿಯ ಬ್ರಷ್, ತುಕ್ಕು ಸಡಿಲಿಸುವ ಸ್ಪ್ರೇ ಇದ್ದರೆ ಸಾಕು. ಕೆಸರಿನಲ್ಲಿ ಓಡಿದ ಕಾರಾದರೆ ಹಿಂದಿನ ರಾತ್ರಿಯೇ ಬೋಲ್ಟ್‌ಗಳನ್ನು ಉಜ್ಜಿ ಸ್ಪ್ರೇ ಹೊಡೆದಿಡುವುದು ಒಳ್ಳೆಯದು.

ಗಟ್ಟಿಯಾದ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ. ಇಂಥ ಕಾರಿನ ಹ್ಯಾಂಡ್‌ಬ್ರೇಕು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುವುದರಿಂದ, ಹಿಂಬದಿ ಮೇಲೆದ್ದ ಕೂಡಲೇ ಅದರಿಂದ ಉಪಯೋಗವಿರುವುದಿಲ್ಲ. ಕಾರನ್ನು ಮೊದಲ ಗೇರಿನಲ್ಲಿಟ್ಟು, ಮುಂದಿನ ಚಕ್ರಗಳ ಹಿಂದೆಯೂ ಮುಂದೆಯೂ ಮರದ ತುಂಡುಗಳನ್ನು ಒತ್ತಿಡುವುದನ್ನು ಮರೆಯಬೇಡಿ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಕಾರನ್ನು ಎತ್ತಿ, ಕಂಪನಿ ಸೂಚಿಸಿದ ಜಾಗದಲ್ಲೇ ಸ್ಟ್ಯಾಂಡ್ ಕೊಟ್ಟು, ಆಮೇಲೆ ಚಕ್ರ ತೆಗೆಯಿರಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಕೈ ಕೂಡ ಹೋಗಬಾರದು.

ಮುಂದಿನದು ಈ ಕೆಲಸದ ಮುಖ್ಯ ಹಂತ. ಹಿಂದಿನ ಚಕ್ರಗಳನ್ನು ಹೊತ್ತ ಆಕ್ಸಲ್ ಕೆಳಗೆ ಜೋತುಬೀಳದಂತೆ ಹಿಡಿದಿರುವುದೂ ಶಾಕ್ ಅಬ್ಸಾರ್ಬರೇ ಆದ್ದರಿಂದ, ಬಿಚ್ಚುವ ಮೊದಲು ಎರಡನೆಯ ಜಾಕನ್ನು ಆಕ್ಸಲ್‌ನಡಿ ಕೊಟ್ಟು ತುಸು ಮೇಲೆತ್ತಿ ಆಧರಿಸಬೇಕು. ಇದನ್ನು ಬಿಟ್ಟರೆ ಆಕ್ಸಲ್ ಕುಸಿದು ಬ್ರೇಕ್ ಹೋಸನ್ನು (ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ) ಎಳೆಯುತ್ತದೆ, ಸ್ಪ್ರಿಂಗು ಜಾರಿ ಹೊರಬೀಳಬಹುದು. ಅದೇ ಕಾರಣಕ್ಕೆ ಒಂದು ಬದಿ ಪೂರ್ತಿ ಜೋಡಿಸಿದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಮೇಲಿನ ನಟ್ ಹಲವು ಕಾರುಗಳಲ್ಲಿ ಡಿಕ್ಕಿಯೊಳಗಿನ ಪ್ಲಾಸ್ಟಿಕ್ ಹೊದಿಕೆಯ ಹಿಂದಿರುತ್ತದೆ. ನಟ್ ತಿರುಗಿಸಿದಾಗ ಶಾಕ್ ಒಳಗಿನ ಪಿಸ್ಟನ್ನಿಗೆ ಸೇರಿದ ರಾಡ್ ಕೂಡ ಸುತ್ತುತ್ತದೆಯಾದ್ದರಿಂದ ರಾಡಿನ ತುದಿಯನ್ನು ಇನ್ನೊಂದು ಸ್ಪ್ಯಾನರಿನಿಂದ ಹಿಡಿಯಿರಿ. ನಂತರ ಕೆಳಗಿನ ಬೋಲ್ಟ್ ತೆಗೆದರೆ ಹಳೆಯ ಶಾಕ್ ಕೈಗೆ ಬರುತ್ತದೆ.

ಹೊಸ ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ನಿಧಾನವಾಗಿ ಪೂರ್ತಿ ಒತ್ತಿ ಎಳೆದರೆ, ಮಲಗಿಸಿಟ್ಟಾಗ ಒಳಗೆ ಸೇರಿದ್ದ ಗಾಳಿ ಎಣ್ಣೆಯಿಂದ ಬೇರ್ಪಡುತ್ತದೆ. ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಲೇಬೇಡಿ. ಉಗುರಿನಷ್ಟು ಗೀರು ಬಿದ್ದರೂ ಅದು ಸೀಲನ್ನು ಕೊರೆದು ಹೊಸ ಶಾಕ್ ಸೋರತೊಡಗುತ್ತದೆ. ಬಂಪ್ ಸ್ಟಾಪ್, ಕವಚ, ವಾಷರ್‌ಗಳನ್ನು ಹಳೆಯದರಲ್ಲಿದ್ದ ಕ್ರಮದಲ್ಲೇ ಪೋಣಿಸಿ, ಮೇಲಿನ ನಟ್ ಹಾಕಿ, ಆಕ್ಸಲ್ ಜಾಕನ್ನು ಏರಿಸಿ ಇಳಿಸಿ ರಂಧ್ರ ಸರಿಹೊಂದಿಸಿಕೊಂಡು ಕೆಳಗಿನ ಬೋಲ್ಟ್ ತೂರಿಸಿ. ಆದರೆ ಅದನ್ನು ಆಗಲೇ ಪೂರ್ತಿ ಬಿಗಿಯಬೇಡಿ. ಆಕ್ಸಲ್ ಇಳಿಬಿದ್ದ ಸ್ಥಿತಿಯಲ್ಲಿ ಬಿಗಿದರೆ, ಕಾರು ನೆಲಕ್ಕಿಳಿದಾಗ ಬುಷ್‌ನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ. ಜಾಕಿನಿಂದ ಆಕ್ಸಲನ್ನು ಎಂದಿನ ಎತ್ತರಕ್ಕೆ ಏರಿಸಿ, ಆಮೇಲೆ ಕಾರಿನ ಸರ್ವಿಸ್ ಪುಸ್ತಕದಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಅವಸರದಲ್ಲಿ ಬಹಳ ಮಂದಿ ಬಿಟ್ಟುಬಿಡುವ ಹಂತವಿದು, ಬುಷ್ ಅಕಾಲದಲ್ಲಿ ಹೋಗಲು ದೊಡ್ಡ ಕಾರಣವೂ ಇದೇ.

ಎರಡೂ ಬದಿ ಮುಗಿದ ಮೇಲೆ ಚಕ್ರ ಜೋಡಿಸಿ, ಕಾರನ್ನು ಇಳಿಸಿ, ನಟ್‌ಗಳನ್ನು ಎದುರುಬದುರಾಗಿ ಬಿಗಿದು, ಹತ್ತಿರದ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ಸದ್ದು ಆಲಿಸಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನೂ ಶಾಕ್‌ನ ಬೋಲ್ಟ್‌ಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ. ಹಳೆಯ ಶಾಕ್‌ಗಳಲ್ಲಿ ಎಣ್ಣೆಯಷ್ಟೇ ಅಲ್ಲ, ಒತ್ತಡದ ಅನಿಲವೂ ಇರಬಹುದಾದ್ದರಿಂದ ಅವನ್ನು ಕೊರೆಯದೆ, ಬೆಂಕಿಗೆ ಹಾಕದೆ, ಇಡಿಯಾಗಿಯೇ ಗ್ಯಾರೇಜಿಗೆ ಒಪ್ಪಿಸಿ.