ಮೊಬೈಲು, ಲ್ಯಾಪ್‌ಟಾಪು, ಒಂದು ಕಾದಂಬರಿ: ಬರವಣಿಗೆಯ ಸಾಧನ ಆರಿಸುವುದು ಹೇಗೆ?

ಮಳೆಗಾಲ ಹಿಡಿದ ಮೇಲೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆಯ ಒಂಟಿ ಮನೆಗಳಲ್ಲಿ ಕರೆಂಟು ಹೋಗುವುದು, ಅದರ ಬೆನ್ನಿಗೇ ಮೊಬೈಲಿನ ಸಿಗ್ನಲ್ಲೂ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಗಲಿನಲ್ಲಿ ಚಿಕ್ಕಮಗಳೂರಿಗೆ ಹೋಗಿಬರುವ ಬಸ್ಸಿನಲ್ಲಿ ಮೊಬೈಲಿನ ಮೇಲೂ ರಾತ್ರಿ ಮನೆಯಲ್ಲಿ ಲ್ಯಾಪ್‌ಟಾಪಿನ ಮೇಲೂ ಕಾದಂಬರಿ ಬರೆಯುವವರು ಯಾವುದೇ ಆ್ಯಪನ್ನು ನೆಚ್ಚಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಬೇಕು. ಒಂದು ಸಂಜೆ ಎರಡರಲ್ಲೂ ಇಂಟರ್‌ನೆಟ್ ಆಫ್ ಮಾಡಿ, ನಿನ್ನೆ ಬರೆದ ಅಧ್ಯಾಯವನ್ನು ತೆರೆದು ನೋಡಿ. ಅದು ಎರಡರಲ್ಲೂ ತೆರೆದುಕೊಂಡು, ಮೊಬೈಲಿನಲ್ಲಿ ಸೇರಿಸಿದ ಹತ್ತು ಸಾಲು ನೆಟ್‌ವರ್ಕ್ ಮರಳಿದ ಮೇಲೆ ಲ್ಯಾಪ್‌ಟಾಪಿನಲ್ಲಿ ತಾನಾಗಿ ಕಾಣಿಸಿಕೊಂಡರೆ ಆ ಆ್ಯಪ್ ಮಲೆನಾಡಿಗೆ ತಕ್ಕದ್ದು. ಇದರಲ್ಲಿ ಸೋತ ಆ್ಯಪ್ ಎಷ್ಟೇ ಚೆಂದವಿದ್ದರೂ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಆ್ಯಪ್‌ಗಿಂತಲೂ ಮೊದಲು ತೀರ್ಮಾನವಾಗಬೇಕಾದದ್ದು ಅಕ್ಷರದ ವಿಷಯ. ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರಸಂಕೇತಗಳ ಪದ್ಧತಿಯಾದ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನ ಸಿಕ್ಕಿದ್ದರೂ, ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡುವ ರೂಢಿ ಪುಸ್ತಕದ ಪುಟ ಜೋಡಿಸುವ ಡಿಟಿಪಿ ಕೆಲಸದಲ್ಲಿ ಇನ್ನೂ ಉಳಿದಿದೆ. ಆ ಫಾಂಟ್‌ಗಳಲ್ಲಿ ಬರೆದಾಗ ಕಡತದೊಳಗೆ ಉಳಿಯುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ, ಮೊಬೈಲಿಗೆ ಕಳಿಸಿದರೆ ಅರ್ಥವಿಲ್ಲದ ಗುರುತುಗಳ ಸಾಲಾಗುತ್ತವೆ. ಪಾತ್ರದ ಹೆಸರನ್ನು ಕನ್ನಡದಲ್ಲಿ ಟೈಪಿಸಿ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಮೊದಲ ಸಾಲಿನಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಒಗ್ಗಿದ್ದರೆ ಅದನ್ನು ಬಿಡಬೇಕಾಗಿಲ್ಲ, ಅದೇ ವಿನ್ಯಾಸದಲ್ಲಿ ಯೂನಿಕೋಡ್ ಟೈಪ್ ಮಾಡಲು ಬರುತ್ತದೆ. ಪ್ರಕಾಶಕರು ಹಳೆಯ ನುಡಿಯನ್ನೇ ಕೇಳಿದರೆ ಪರಿವರ್ತನೆಯನ್ನು ಕೊನೆಯಲ್ಲಿ ಒಮ್ಮೆ ಮಾಡಿಕೊಂಡರಾಯಿತು; ಆಗ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು.

ಇನ್ನು ಯೋಜನೆ. ಕಥೆಯ ಯೋಜನೆಗೂ ಬರವಣಿಗೆಗೂ ಒಂದೇ ಆ್ಯಪ್ ಬೇಕೆಂಬ ಹಟ ಬೇಡ. ಬಸ್ಸಿನಲ್ಲಿ ಹೊಳೆದ ಸಂಭಾಷಣೆಗೆ ಗೂಗಲ್ ಕೀಪ್‌ನಂಥ ಸಣ್ಣ ಟಿಪ್ಪಣಿ ಆ್ಯಪ್ ಸಾಕು. ಕಾಲಾನುಕ್ರಮಕ್ಕಾದರೆ ಎಕ್ಸೆಲ್‌ನಂಥ ಒಂದು ಸಾದಾ ಕೋಷ್ಟಕವನ್ನು ಮೀರಿದ್ದು ನನಗೆ ಇದುವರೆಗೆ ಸಿಕ್ಕಿಲ್ಲ. ಮೂರು ತಲೆಮಾರಿನ ಕಾಫಿ ತೋಟದ ಮನೆಯೊಂದರ ಕಥೆ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಮೊದಲ ಕಂಬಸಾಲಿನಲ್ಲಿ ಇಸವಿ ಮತ್ತು ತಿಂಗಳು, ಮುಂದಿನವುಗಳಲ್ಲಿ ಒಬ್ಬೊಬ್ಬ ಪಾತ್ರದ ವಯಸ್ಸು, ಅದರ ಪಕ್ಕದಲ್ಲಿ ಆ ತಿಂಗಳ ತೋಟದ ಕೆಲಸ, ಕೊನೆಯಲ್ಲಿ ಅಧ್ಯಾಯದ ಸಂಖ್ಯೆ ಇರಲಿ. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬೀಳುವುದು ಮಾರ್ಚ್–ಏಪ್ರಿಲ್ ಹೊತ್ತಿಗೆ, ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ, ರೋಬಸ್ಟಾ ಕೊಯ್ಲು ಅದರ ನಂತರ ಎಂಬುದು ಕೋಷ್ಟಕದಲ್ಲಿ ಕಣ್ಣೆದುರಿಗೇ ಇದ್ದರೆ, ಕಥೆಯ ಓಟದಲ್ಲಿ ಅಜ್ಜಿಯ ಕೈಯಲ್ಲಿ ಆಗಸ್ಟ್ ತಿಂಗಳ ಮಳೆಯಲ್ಲಿ ಹಣ್ಣು ಕೊಯ್ಯಿಸುವ ತಪ್ಪು ಆಗುವುದಿಲ್ಲ. ಇಂಥ ತಪ್ಪನ್ನು ಈ ಸೀಮೆಯ ಓದುಗರು ಕ್ಷಮಿಸುವುದಿಲ್ಲ, ಕ್ಷಮಿಸಬೇಕಾಗಿಯೂ ಇಲ್ಲ.

ಬರವಣಿಗೆಗೆ ಮೂರು ದಾರಿಗಳನ್ನು ಪರಿಶೀಲಿಸಬಹುದು. ಗೂಗಲ್ ಡಾಕ್ಸ್ ಹಣ ಕೇಳುವುದಿಲ್ಲ, ಹಿಂದಿನ ಆವೃತ್ತಿಗಳನ್ನು ಉಳಿಸಿಕೊಂಡಿರುತ್ತದೆ. ಆದರೆ ಇಂಟರ್‌ನೆಟ್ ಇಲ್ಲದಾಗಲೂ ಬೇಕೆಂಬ ಕಡತವನ್ನು ಮೊಬೈಲಿನಲ್ಲಿ ಮುಂಚಿತವಾಗಿಯೇ ಆಫ್‌ಲೈನ್ ಎಂದು ಗುರುತಿಸಿಟ್ಟುಕೊಳ್ಳಬೇಕು, ಕಂಪ್ಯೂಟರಿನಲ್ಲಿಯೂ ಆ ಸೌಲಭ್ಯವನ್ನು ಚಾಲೂ ಮಾಡಿರಬೇಕು. ಕರೆಂಟು ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ಅಬ್ಸಿಡಿಯನ್ ಎಂಬ ಆ್ಯಪ್ ಪ್ರತಿಯೊಂದು ದೃಶ್ಯವನ್ನೂ ನಿಮ್ಮದೇ ಸಾಧನದಲ್ಲಿ ಸರಳ ಪಠ್ಯದ ಕಡತವಾಗಿ ಇಡುತ್ತದೆ, ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕಲು ಬಿಡುತ್ತದೆ. ಆ್ಯಪ್ ಉಚಿತ, ಒಂದು ಸಾಧನದ ಬದಲಾವಣೆಯನ್ನು ಇನ್ನೊಂದಕ್ಕೆ ತಾನಾಗಿ ತಲುಪಿಸುವ, ಅಂದರೆ ಸಿಂಕ್ ಮಾಡುವ, ಅದರ ಸ್ವಂತ ಸೇವೆಗೆ ಮಾತ್ರ ಶುಲ್ಕವಿದೆ. ಸ್ಕ್ರಿವೆನರ್ ದೊಡ್ಡ ಕಾದಂಬರಿಗೆಂದೇ ರೂಪಿಸಿದ ತಂತ್ರಾಂಶ, ದೃಶ್ಯಗಳನ್ನು ಚೀಟಿಗಳಂತೆ ಹಿಂದೆ ಮುಂದೆ ಜೋಡಿಸಿಕೊಳ್ಳಬಹುದು. ಆದರೆ ಅದು ವಿಂಡೋಸ್, ಮ್ಯಾಕ್ ಮತ್ತು ಐಫೋನ್, ಐಪ್ಯಾಡ್‌ಗಳಿಗಷ್ಟೇ ಇದೆ, ಆಂಡ್ರಾಯ್ಡ್‌ಗೆ ಇಲ್ಲ. ನಮ್ಮಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆಂಡ್ರಾಯ್ಡ್ ಆದ್ದರಿಂದ, ಹಣ ಕೊಡುವ ಮುನ್ನ ಇದನ್ನು ಯೋಚಿಸಬೇಕು.

ಯಾವುದನ್ನೇ ಆರಿಸಿದರೂ ಮೂಲಪ್ರತಿ ಒಂದೇ ಇರಬೇಕೆಂಬುದು ನಾನು ಕಷ್ಟಪಟ್ಟು ಕಲಿತ ಪಾಠ. ಎರಡು ವರ್ಷದ ಹಿಂದೆ ಒಂದು ಅಧ್ಯಾಯವನ್ನು ಬೆಳಗ್ಗೆ ಬಸ್ಸಿನಲ್ಲಿ ಸಿಗ್ನಲ್ ಇಲ್ಲದಾಗ ತಿದ್ದಿದ್ದೆ, ಅದು ಲ್ಯಾಪ್‌ಟಾಪಿಗೆ ತಲುಪುವ ಮೊದಲೇ ರಾತ್ರಿ ಅದೇ ಅಧ್ಯಾಯವನ್ನು ಅಲ್ಲಿಯೂ ತಿದ್ದಿದೆ. ಮರುದಿನ ಒಂದೇ ಹೆಸರಿನ ಎರಡು ಕಡತಗಳಿದ್ದವು. ಸಾಲುಸಾಲಾಗಿ ಹೋಲಿಸಿ ಕೂಡಿಸಲು ಒಂದು ವಾರ ಹಿಡಿಯಿತು, ಅಷ್ಟಾದರೂ ಒಂದು ಸಂಭಾಷಣೆ ಕಳೆದೇ ಹೋಯಿತು. ಅಂದಿನಿಂದ ಒಂದು ಸಾಧನದಲ್ಲಿ ಕಡತ ಮುಚ್ಚಿ, ಸಿಂಕ್ ಆದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಇನ್ನೊಂದರಲ್ಲಿ ತೆರೆಯುತ್ತೇನೆ. ಸಿಂಕ್ ಆಗಿಲ್ಲದಿದ್ದರೆ ಹೊಸ ಸಾಲುಗಳನ್ನು ತಾರೀಖು ಹಾಕಿದ ಬೇರೆ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಸೇರಿಸುತ್ತೇನೆ.

ಜಾಗದ ಚಿಂತೆ ಬೇಡ. ಯೂನಿಕೋಡ್ ಸರಳ ಪಠ್ಯದಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. ಆ ಲೆಕ್ಕದಲ್ಲಿ 60,000 ಪದಗಳ ಕಾದಂಬರಿ ಸುಮಾರು 2 ಎಂಬಿಯೊಳಗೆ ಮುಗಿಯುತ್ತದೆ, ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ದೊಡ್ಡದಿರಬಹುದು. ಹಾಗಾಗಿ ತಿಂಗಳಿಗೊಮ್ಮೆ ಇಡೀ ಕಾದಂಬರಿಯನ್ನು ವರ್ಡ್ (.docx) ಕಡತವಾಗಿಯೂ ಸರಳ ಪಠ್ಯವಾಗಿಯೂ ಇಳಿಸಿಕೊಂಡು, ನಿಮ್ಮದೇ ವಿಳಾಸಕ್ಕೆ ಇಮೇಲ್ ಮಾಡಿ, ಇನ್ನೊಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ತೇವ ತಾಗದ ಡಬ್ಬಿಯೊಳಗೆ ಇಡಿ. ಇಟ್ಟ ಮೇಲೆ ಬೇರೊಂದು ಕಂಪ್ಯೂಟರಿಗೆ ಅದನ್ನು ಹಾಕಿ, ಕೊನೆಯ ಅಧ್ಯಾಯದ ಕೊನೆಯ ಸಾಲು ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ಒಮ್ಮೆ ಓದಿ ನೋಡಿ.