ಎಎಲ್‌ಪಿ ಏರಿದ್ದು ಎಲ್ಲಿಂದ?

ನನಗೆ ಅಲ್ಸರೇಟಿವ್ ಕೊಲೈಟಿಸ್ ಇದೆ. ದೊಡ್ಡ ಕರುಳಿನ ಒಳಗೆ ಹುಣ್ಣಾಗಿ ರಕ್ತಭೇದಿ ಆಗುವ ಕಾಯಿಲೆ. ಮೆಸಲಮೈನ್ ಮತ್ತು ಅಜಥಯೋಪ್ರಿನ್ ಮಾತ್ರೆ ನಡೆಯುತ್ತಿದೆ. ಅಜಥಯೋಪ್ರಿನ್‌ನಿಂದ ಲಿವರಿಗೂ ರಕ್ತಕಣಗಳಿಗೂ ತೊಂದರೆ ಆಗಬಹುದು. ಅದಕ್ಕೇ ಮೂರು ತಿಂಗಳಿಗೊಮ್ಮೆ ಶಿರಸಿಗೆ ಹೋಗಿ ರಕ್ತ ಕೊಟ್ಟು ಬರುವುದು ರೂಢಿ.

ಹೊಟ್ಟೆ ಪೂರ್ತಿ ಹತೋಟಿಯಲ್ಲಿದ್ದಾಗಲೇ ರಿಪೋರ್ಟಿನಲ್ಲಿ ಎಎಲ್‌ಪಿ ಅನ್ನುವ ಕಿಣ್ವ 310 ಬಂತು. ಆ ಲ್ಯಾಬಿನ ಮಿತಿ 130. ಲಿವರಿನ ಕೋಶಗಳಿಗೆ ಪೆಟ್ಟಾದರೆ ಏರುವ ಎಸ್‌ಜಿಪಿಟಿ ಸ್ವಲ್ಪ ಜಾಸ್ತಿ, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಸರಿಯಾಗಿತ್ತು. ಊರಿನ ಡಾಕ್ಟರು ಹೊಟ್ಟೆ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. "ಫ್ಯಾಟಿ ಲಿವರ್ ಇರಬಹುದು ಭಟ್ರೇ, ತುಪ್ಪ ಕಮ್ಮಿ ಮಾಡಿ" ಅಂದರು. ನನಗೆ ಸಮಾಧಾನ ಆಗಲಿಲ್ಲ. ಫ್ಯಾಟಿ ಲಿವರಿನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮುಂದೆ ಇರುತ್ತದೆ, ಎಎಲ್‌ಪಿ ಇಷ್ಟು ಏರುವುದಿಲ್ಲ.

ಎಎಲ್‌ಪಿ ಒಂದೇ ಕಡೆಯಿಂದ ಬರುವ ಕಿಣ್ವ ಅಲ್ಲ. ಲಿವರಿನ ಪಿತ್ತನಾಳ, ಮೂಳೆ, ಕರುಳು ಎಲ್ಲದರಲ್ಲೂ ಇದೆ. ಬಸುರಿಯರಲ್ಲಿ ಮಾಸಿನಿಂದಲೂ ಬರುತ್ತದೆ. ಓ ಮತ್ತು ಬಿ ಗುಂಪಿನ ರಕ್ತದವರಲ್ಲಿ ಜಿಡ್ಡಿನ ಊಟ ಆದಮೇಲೆ ಕರುಳಿನ ಎಎಲ್‌ಪಿ ರಕ್ತಕ್ಕೆ ಸೇರಿ ಅಂಕಿ ಸ್ವಲ್ಪ ಮೇಲೆ ಹೋಗುವುದುಂಟು. ನನ್ನದು ಓ ಗುಂಪು. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ರಕ್ತ ಕೊಟ್ಟೆ, ಜೊತೆಗೆ ಲಿವರಿನ ಇನ್ನೊಂದು ಕಿಣ್ವ ಜಿಜಿಟಿಯನ್ನೂ ಸೇರಿಸಿದೆ. ಮೂಳೆ ಕಾರಣವಾಗಿದ್ದರೆ ಜಿಜಿಟಿ ಏರುವುದಿಲ್ಲ. ಎರಡೂ ಏರಿದ್ದವು. ಅಲ್ಲಿಗೆ ಲಿವರ್ ಕಡೆಯದೇ ಅಂತಾಯಿತು.

ಇನ್ನು ಬಾಯಿಗೆ ಹೋಗುವುದರ ಲೆಕ್ಕ. ಮಾತ್ರೆಗಳಷ್ಟೇ ಅಲ್ಲ, ಕಷಾಯವನ್ನೂ ಬರೆದಿಟ್ಟೆ. ಕೊರೊನಾ ಬಂದಮೇಲೆ ನಮ್ಮ ಕಡೆ ಅಮೃತಬಳ್ಳಿ ಕಷಾಯ ಕುಡಿಯದ ಮನೆ ಕಮ್ಮಿ. ಅದರಿಂದ ಲಿವರಿಗೆ ಪೆಟ್ಟು ಬಿದ್ದ ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲೇ ವರದಿ ಮಾಡಿದ್ದಾರೆ. ಕಷಾಯ ನಿಲ್ಲಿಸಿದೆ. ಆಯಿಗೆ ಸಿಟ್ಟು ಬಂತು, ಅದು ಬೇರೆ ಮಾತು. ಅಜಥಯೋಪ್ರಿನ್ ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಲಿಲ್ಲ. ಕೆಲವು ವಾರ ಬಿಟ್ಟು ನೋಡಿದರೆ ಎಸ್‌ಜಿಪಿಟಿ ಇಳಿದಿತ್ತು. ಎಎಲ್‌ಪಿ ಅಲ್ಲೇ ಕೂತಿತ್ತು.

ಈ ಎಲ್ಲ ರಿಪೋರ್ಟನ್ನೂ ತಾರೀಕಿನ ಪ್ರಕಾರ ಒಂದೇ ಹಾಳೆಗೆ ಇಳಿಸಿಕೊಂಡು ಹುಬ್ಬಳ್ಳಿಗೆ ಹೋದೆ. ಅಲ್ಲಿಯ ಗ್ಯಾಸ್ಟ್ರೋ ಡಾಕ್ಟರು ಹಾಳೆ ನೋಡಿ ಮೊದಲು ಹೇಳಿದ್ದೇ ಎಂಆರ್‌ಸಿಪಿ. ಎಂಆರ್‌ಐ ಯಂತ್ರದಲ್ಲೇ ಪಿತ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ ಅದು. ಮಾಮೂಲಿ ಸ್ಕ್ಯಾನಿನಲ್ಲಿ ಕಾಣದ್ದು ಅದರಲ್ಲಿ ಕಂಡಿತು: ನಾಳ ಅಲ್ಲಲ್ಲಿ ಕಿರಿದಾಗಿ, ಅಲ್ಲಲ್ಲಿ ಉಬ್ಬಿ, ಮಣಿಸರದ ಹಾಗೆ. ಇದನ್ನೇ ಹೋಲುವ ಇನ್ನೊಂದು ಕಾಯಿಲೆ ಸ್ಟೀರಾಯ್ಡಿಗೆ ಬಗ್ಗುತ್ತದಂತೆ. ಅದಲ್ಲ ಅಂತ ಖಾತ್ರಿಗೆ ಐಜಿಜಿ4 ಅನ್ನುವ ರಕ್ತಪರೀಕ್ಷೆ ಕೂಡ ಮಾಡಿಸಿದರು. ನನ್ನದು ಪ್ರೈಮರಿ ಸ್ಕ್ಲೆರೋಸಿಂಗ್ ಕೊಲಾಂಜೈಟಿಸ್, ಅಂದರೆ ಪಿಎಸ್‌ಸಿ. ಪಿತ್ತನಾಳಗಳು ಉರಿಯೂತದಿಂದ ಗಾಯಗಟ್ಟಿ ಕಿರಿದಾಗುವ ಕಾಯಿಲೆ, ಹೆಚ್ಚಾಗಿ ನನ್ನಂಥ ಕೊಲೈಟಿಸ್ ಇದ್ದವರಲ್ಲೇ ಕಾಣುವುದು.

"ಹೊಟ್ಟೆ ಆರಾಮ ಇದೆಯಲ್ಲ ಸರ್, ಮತ್ತೆ ಇದು ಹೇಗೆ?" ಅಂತ ಕೇಳಿದೆ. ಪಿಎಸ್‌ಸಿ ಇದ್ದವರಲ್ಲಿ ಕರುಳಿನ ಕಾಟ ಎಷ್ಟೋ ಸಲ ಕಮ್ಮಿಯೇ ಇರುತ್ತದಂತೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಜಾಸ್ತಿ. ಹಾಗಾಗಿ ಕೊಲೊನೊಸ್ಕೋಪಿ ಇನ್ನು ಪ್ರತಿ ವರ್ಷ. ಅಡಿಕೆ ಕೊಯ್ಲು ಮುಗಿದಮೇಲೆ ಅಂತ ಗೊತ್ತು ಮಾಡಿಕೊಂಡಿದ್ದೇನೆ.

ಈ ಕಾಯಿಲೆಯನ್ನು ತಡೆಯುತ್ತದೆ ಅಂತ ಸಾಬೀತಾದ ಔಷಧ ಇಲ್ಲ. ಪಿತ್ತ ಸರಾಗ ಹರಿಯಲಿ ಅಂತ ಅರ್ಸೋ ಮಾತ್ರೆ ಕೊಟ್ಟಿದ್ದಾರೆ, ಮಧ್ಯಮ ಡೋಸಿನಲ್ಲಿ. ಡೋಸ್ ಏರಿಸಿ ಅಂತ ನಾನೇ ಕೇಳಿದ್ದಕ್ಕೆ ಅವರು ಬೇಡ ಅಂತ ತಲೆ ಅಲ್ಲಾಡಿಸಿದರು. 2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಕೆಜಿಗೆ 28ರಿಂದ 30 ಮಿಲಿಗ್ರಾಂ ಕೊಟ್ಟಾಗ ಕಿಣ್ವಗಳು ಇಳಿದವು, ಆದರೆ ರೋಗಿಗಳ ಸ್ಥಿತಿ ಕೆಟ್ಟಿತು. ಅರ್ಸೋ ಶುರುವಾದಮೇಲೆ ನನ್ನ ಎಎಲ್‌ಪಿ 180ಕ್ಕೆ ಬಂದಿದೆ. ಮನೆಯವರಿಗೆಲ್ಲ ಖುಷಿ. ನಾನು ಮಾತ್ರ ಆ ಅಂಕಿ ನಂಬಿ ಕೂತಿಲ್ಲ, ಎಂಆರ್‌ಸಿಪಿ ಮತ್ತೆ ಮಾಡಿಸುವುದಿದೆ. ಚಳಿಜ್ವರ, ಮೈತುರಿಕೆ, ಕಣ್ಣು ಹಳದಿ ಇವುಗಳಲ್ಲಿ ಯಾವುದು ಬಂದರೂ ಅದಕ್ಕೂ ಕಾಯದೆ ನೇರ ಹುಬ್ಬಳ್ಳಿ ಬಸ್ಸು ಹತ್ತಬೇಕು.